ಕಲೆ ಒಂದು ಕಡೆ, ತೂತು ಇನ್ನೊಂದು ಕಡೆ: ಹಳೆ ಮನೆಯ ಅಟ್ಟ ನೋಡಿ, ರಿಪೇರಿ ಮಾಡಿದ ಕತೆ

ಅಕ್ಕ ಭಾವ ಒಂದು ಹಳೆ ಹೆಂಚಿನ ಮನೆ ಕೊಳ್ಳುವುದಕ್ಕೆ ಹೊರಟಿದ್ದರು. ಮಾತುಕತೆ ಬಹುತೇಕ ಮುಗಿದಿತ್ತು. ಮಲಗುವ ಕೋಣೆಯ ಸೀಲಿಂಗ್ ಮೇಲೆ ಊಟದ ತಟ್ಟೆಯಷ್ಟು ಅಗಲದ ಒಂದು ಕಂದು ಕಲೆ ಇತ್ತು. "ಹೆಂಚು ಒಡೆದಿತ್ತು, ಬದಲಾಯಿಸಿ ಆಯ್ತು" ಎಂದು ಮನೆಯವರು ಹೇಳಿದರಂತೆ. ಅಕ್ಕನಿಗೆ ಅದು ಒಪ್ಪಿಗೆ ಆಗಲಿಲ್ಲ. "ನೀನೇ ಒಂದ್ಸಲ ಅಟ್ಟ ಹತ್ತಿ ನೋಡೋ" ಎಂದು ಫೋನ್ ಮಾಡಿದಳು.

ಮನೆಗಳ ತಪಾಸಣೆಯೇ ನನ್ನ ಕೆಲಸ. ಯಾವ ಮನೆಗೆ ಹೋದರೂ ಅಟ್ಟಕ್ಕೆ ಜಾಸ್ತಿ ಹೊತ್ತು ಕೊಡುತ್ತೇನೆ. ಕೆಳಗಿನ ಗೋಡೆಗೆ ಬಣ್ಣ ಬಳಿದು, ಬಿರುಕಿಗೆ ಪುಟ್ಟಿ ತುಂಬಿ, ಎಲ್ಲ ಚೆಂದ ಮಾಡಿಬಿಡಬಹುದು. ಅಟ್ಟಕ್ಕೆ ಯಾರೂ ಬಣ್ಣ ಬಳಿಯುವುದಿಲ್ಲ. ನೀರು ಹರಿದ ಗುರುತು, ಯಾರೋ ಗರಗಸ ಆಡಿಸಿದ ಗುರುತು, ಇಲಿ ಕಡಿದ ವೈರು ಎಲ್ಲ ಇದ್ದ ಹಾಗೆ ಇರುತ್ತವೆ.

ಮೊದಲ ದಿನ: ಹತ್ತುವ ಮೊದಲು

ಬೆಳಿಗ್ಗೆ 7 ಗಂಟೆಗೇ ಹೋದೆ. ಬಿಸಿಲು ಏರಿದ ಮೇಲೆ ಹೆಂಚಿನ ಕೆಳಗೆ ಅರ್ಧ ಗಂಟೆ ಇರುವುದೂ ಕಷ್ಟ. ಬೆವರಿಗೆ ಕಣ್ಣು ಉರಿದರೆ ಯಾವುದನ್ನೂ ಸರಿಯಾಗಿ ನೋಡುವುದಕ್ಕೆ ಆಗುವುದಿಲ್ಲ.

ತಲೆಗೆ ಕಟ್ಟುವ ಒಂದು ಟಾರ್ಚ್, ಕೈಯಲ್ಲಿ ಇನ್ನೊಂದು. ಮರದ ತೇವ ಅಳೆಯುವ ಎರಡು ಸೂಜಿಯ ಮೀಟರ್, ಸ್ಕ್ರೂಡ್ರೈವರ್, ಟೇಪು, ಸೀಮೆಸುಣ್ಣ, ದಾರಕ್ಕೆ ಕಟ್ಟಿದ ತೂಕದ ಗುಂಡು, ಒಂದು ಭೂತಗನ್ನಡಿ. ಮತ್ತೆ ಎನ್95 ಮಾಸ್ಕ್, ಕೈಗವಸು. ಮಾಸ್ಕ್ ಬಗ್ಗೆ ಒಂದು ಮಾತು ಹೇಳಲೇಬೇಕು. ಬಾವಲಿ ಇರುವ ಅಟ್ಟಗಳಲ್ಲಿ ಅವುಗಳ ಹಿಕ್ಕೆಯ ಧೂಳಿನಲ್ಲಿ ಶ್ವಾಸಕೋಶಕ್ಕೆ ರೋಗ ತರುವ ಶಿಲೀಂಧ್ರ ಇರಬಹುದು. ಹಳೆ ಮನೆಗಳಲ್ಲಿ ಪೈಪಿನ ಸುತ್ತ ಕಲ್ನಾರಿನ ಹೊದಿಕೆ ಇರುವುದೂ ಉಂಟು. ಅಂಥದ್ದು ಕಂಡರೆ ಮುಟ್ಟಬೇಡಿ, ಗುಡಿಸಬೇಡಿ. ಫೋಟೋ ತೆಗೆದು ಕೆಳಗಿಳಿದು ಬನ್ನಿ.

ಜೊತೆಗೆ 4 ಅಡಿ ಉದ್ದದ ಎರಡು ಗಟ್ಟಿ ಹಲಗೆ. ಅಟ್ಟದ ನೆಲ ಅಂತ ಕಾಣುವುದೆಲ್ಲ ನೆಲ ಅಲ್ಲ. ಕೆಳಗಿನ ಸೀಲಿಂಗ್ ಬೋರ್ಡು ಮನುಷ್ಯನ ಭಾರ ಹೊರುವುದಿಲ್ಲ, ಹೊರುವುದು ಜಂತೆಗಳು ಮಾತ್ರ. ಹಲಗೆಯನ್ನು ಜಂತೆಯಿಂದ ಜಂತೆಗೆ ಅಡ್ಡ ಇಟ್ಟು, ಒಂದರ ಮೇಲೆ ಕೂತು ಇನ್ನೊಂದನ್ನು ಮುಂದಕ್ಕೆ ಸರಿಸುತ್ತಾ ಹೋಗಬೇಕು.

ಕೆಳಗೆ ಕಲೆಯ ಜಾಗವನ್ನು ಎರಡು ಗೋಡೆಗಳಿಂದ ಅಳೆದು ಬರೆದುಕೊಂಡೆ. ಹೊರಗಿನ ಗೋಡೆಯಿಂದ 7 ಅಡಿ, ಪಕ್ಕದ ಗೋಡೆಯಿಂದ 4 ಅಡಿ. ಅಟ್ಟಕ್ಕೆ ಹೋದ ಮೇಲೆ ದಿಕ್ಕು ತಪ್ಪುತ್ತದೆ. ಈ ಎರಡು ಅಳತೆ ಇಲ್ಲದೆ ಹತ್ತಿದರೆ ಅಂದಾಜಿನ ಮೇಲೆ ಹುಡುಕಬೇಕಾಗುತ್ತದೆ.

ಲೈಟು ಆರಿಸಿ ಕೂತದ್ದು

ಮೇಲೆ ಹತ್ತಿ ಬಾಗಿಲು ಮುಚ್ಚಿ, ಟಾರ್ಚ್ ಎರಡನ್ನೂ ಆರಿಸಿ ಐದು ನಿಮಿಷ ಸುಮ್ನೆ ಕೂತೆ. ಪ್ರತಿ ಅಟ್ಟದಲ್ಲೂ ಹೀಗೆ ಮಾಡುತ್ತೇನೆ. ಕಣ್ಣು ಕತ್ತಲಿಗೆ ಹೊಂದಿಕೊಂಡರೆ ಮಾಡಿನಲ್ಲಿ, ಅಂದರೆ ಹೆಂಚಿನ ಚಾವಣಿಯಲ್ಲಿ, ಎಲ್ಲೆಲ್ಲಿ ಬೆಳಕು ಒಳಗೆ ಬರುತ್ತದೆ ಅಂತ ತಾನಾಗಿಯೇ ಕಾಣುತ್ತದೆ. ಹೆಂಚಿನ ಕೂಡಿಕೆಗಳಲ್ಲಿ ಕೂದಲೆಳೆಯಷ್ಟು ಬೆಳಕು ಬರುವುದು ಸಹಜ. ಗಾಳಿ ಆಡುವುದಕ್ಕೂ ಅದು ಬೇಕು. ದುಂಡಗಿನ ಚುಕ್ಕೆ, ಮುರಿದ ಗೆರೆ, ಸಾಲು ತಪ್ಪಿದ ಬೆಳಕು ಕಂಡರೆ ಅಲ್ಲಿ ನಿಲ್ಲಬೇಕು.

ಮನೆ ಎಲ್ ಆಕಾರದ್ದು. ಮುಂದಿನ ಮಾಡು, ಪಕ್ಕದ ಮಾಡು ಎರಡೂ ಇಳಿದು ಬಂದು ಸೇರುವಲ್ಲಿ ಒಂದು ಕಣಿವೆ. ಅಲ್ಲಿ ಹೆಂಚಿನ ಕೆಳಗೆ ತಗಡಿನ ದೋಣಿ ಹಾಸಿರುತ್ತಾರೆ. ಎರಡೂ ಕಡೆಯ ಮಳೆನೀರು ಅದರಲ್ಲೇ ಓಡಿ ಸೂರಿಗೆ ಹೋಗಬೇಕು. ಕತ್ತಲಲ್ಲಿ ಕೂತಾಗ ಆ ಕಣಿವೆಯ ಮೇಲ್ಭಾಗದಲ್ಲಿ ಸೂಜಿ ಚುಚ್ಚಿದಷ್ಟು ಸಣ್ಣ ಮೂರು ಚುಕ್ಕೆ ಕಂಡವು. ಹೆಂಚಿನ ನಡುವೆ ಬೆಳಕು ಬಂದರೆ ಸರಿ. ತಗಡಿನಲ್ಲಿ ಬೆಳಕು ಯಾಕೆ ಬರಬೇಕು? ಆ ಜಾಗವನ್ನು ಪುಸ್ತಕದಲ್ಲಿ ಗುರುತು ಹಾಕಿಕೊಂಡು ಮುಂದಕ್ಕೆ ಹೋದೆ. ಕಲೆ ಇರುವ ಜಾಗದಿಂದ ಅದು 8 ಅಡಿ ದೂರ ಇತ್ತು.

ಕಲೆಯ ನೇರ ಮೇಲೆ

ಅಳತೆ ಹಿಡಿದು ಕಲೆಯ ನೆತ್ತಿಗೆ ಬಂದೆ. ಮನೆಯವರು ಸುಳ್ಳು ಹೇಳಿರಲಿಲ್ಲ. ಅಲ್ಲಿ ನಾಲ್ಕು ಹೆಂಚು ಹೊಸವು, ಬಣ್ಣದಲ್ಲೇ ಗೊತ್ತಾಗುತ್ತದೆ. ಆದರೆ ಆ ಹೆಂಚುಗಳ ಕೆಳಗಿನ ರೀಪು (ಹೆಂಚು ಕೂರುವ ಮರದ ಪಟ್ಟಿ) ಹಳೆಯದು, ಒಣಗಿ ಖಣಖಣ ಅನ್ನುತ್ತಿತ್ತು. ಮೀಟರ್ ಚುಚ್ಚಿದರೆ ತೇವ ಶೇಕಡಾ 13. ಅದರ ಮೇಲೆ ನೀರು ಬಿದ್ದ ಒಂದೇ ಒಂದು ಗುರುತಿಲ್ಲ. ಅಲ್ಲಿ ಹೆಂಚು ಸೋರುತ್ತಿದ್ದರೆ ಮೊದಲು ನೆನೆಯಬೇಕಾದ್ದು ಆ ರೀಪೇ ಅಲ್ವಾ?

ಮರದ ತೇವದ ಲೆಕ್ಕ ತಿಳಿದಿದ್ದರೆ ಮುಂದಿನದು ಸುಲಭ. ಗಾಳಿ ಆಡುವ ಒಣ ಅಟ್ಟದಲ್ಲಿ ಮರದ ತೇವ ಶೇಕಡಾ 10ರಿಂದ 16ರ ಆಸುಪಾಸಿನಲ್ಲಿ ಇರುತ್ತದೆ. ಶೇಕಡಾ 20 ದಾಟಿ ಹಾಗೇ ನಿಂತರೆ ಮರ ಕೊಳೆಯಿಸುವ ಶಿಲೀಂಧ್ರಕ್ಕೆ ದಾರಿ ಮಾಡಿಕೊಟ್ಟ ಹಾಗೆ. ಈ ಮೀಟರ್ ಇರುವುದು ಮರಕ್ಕೆ. ಗಾರೆಗೆ, ಇಟ್ಟಿಗೆಗೆ ಚುಚ್ಚಿದರೆ ಒಳಗಿನ ಉಪ್ಪಿನಿಂದ ಒಣಗಿದ್ದರೂ ದೊಡ್ಡ ಅಂಕಿ ತೋರಿಸುತ್ತದೆ.

ಕಣಿವೆಯ ಕೆಳಗೆ ಓರೆಯಾಗಿ ಇಳಿದು ಬರುವ ದಪ್ಪ ಪಕಾಸಿಯ (ಮಾಡನ್ನು ಹೊರುವ ಇಳಿಜಾರಿನ ಮರ) ಹೊಟ್ಟೆಗೆ, ಅಂದರೆ ಕೆಳಮುಖಕ್ಕೆ, ಟಾರ್ಚನ್ನು ಪಕ್ಕದಿಂದ, ಮರಕ್ಕೆ ತಾಗಿಸಿ ಹಿಡಿದೆ. ನೇರ ಬೆಳಕು ಬಿಟ್ಟರೆ ಎಲ್ಲ ಒಂದೇ ಥರ ಕಾಣುತ್ತದೆ. ಪಕ್ಕದ ಬೆಳಕಿಗೆ ಉಬ್ಬು ತಗ್ಗೆಲ್ಲ ನೆರಳು ಬಿಡುತ್ತದೆ. ಆಗ ಕಂಡಿತು. ಬೆರಳಗಲದ ಬೆಳ್ಳಗಿನ ಒಂದು ಹಾದಿ, ಎರಡೂ ಅಂಚಿಗೆ ಕಂದು ಗೆರೆ, ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ. ಅದು ನಿಂತದ್ದು ಒಂದು ಹಳೆ ಆಣಿಯ ಹತ್ತಿರ. ಯಾವ ಕಾಲದಲ್ಲೋ ಯಾರೋ ಮೇಲಿನಿಂದ ಹೊಡೆದ ಆಣಿ, ತುದಿ ಅರ್ಧ ಇಂಚು ಕೆಳಗೆ ಹೊರಬಂದಿದೆ. ತುದಿಯಲ್ಲಿ ತುಕ್ಕು ಹನಿಯಾಗಿ ಗಟ್ಟಿಯಾಗಿ ನಿಂತಿದೆ. ಆಣಿಯ ಕೆಳಗೆ ಸೀಲಿಂಗ್ ಬೋರ್ಡಿನ ಬೆನ್ನಿನ ಮೇಲೆ ಧೂಳಿನಲ್ಲಿ ಒಂದು ಸಣ್ಣ ಗುಳಿ. ಹನಿ ಹನಿಯಾಗಿ ಬಿದ್ದು ಬಿದ್ದು ಧೂಳು ಸುತ್ತ ಸರಿದು ಆದ ಗುಳಿ ಅದು. ಟೇಪು ಹಿಡಿದೆ: ಹೊರಗೋಡೆಯಿಂದ 7 ಅಡಿ, ಪಕ್ಕದ ಗೋಡೆಯಿಂದ 4 ಅಡಿ.

ಮಾಡಿನೊಳಗೆ ಬಂದ ನೀರು ಬಂದಲ್ಲೇ ಬೀಳುವುದಿಲ್ಲ. ಇಳಿಜಾರಿನ ಮರ ಸಿಕ್ಕರೆ ಅದರ ಹೊಟ್ಟೆಗೆ ಅಂಟಿಕೊಂಡು ಇಳಿಯುತ್ತಾ ಹೋಗುತ್ತದೆ. ಒಂದು ಆಣಿ, ಒಂದು ಗಂಟು, ಒಂದು ಕೂಡಿಕೆ ಅಡ್ಡ ಬಂದಾಗ ಹನಿಯಾಗಿ ಕಳಚುತ್ತದೆ. ಕಲೆಯ ಮೇಲಿನ ಹೆಂಚು ಬದಲಾಯಿಸುವುದು ಅದಕ್ಕೇ ಅಷ್ಟು ಸಲ ಸೋಲುತ್ತದೆ.

ಆಣಿಯಿಂದ ಮೇಲಕ್ಕೆ ಅಡಿಗೊಂದು ಸೀಮೆಸುಣ್ಣದ ಗೆರೆ ಹಾಕಿ ಪ್ರತಿ ಗೆರೆಯಲ್ಲೂ ಮೀಟರ್ ಚುಚ್ಚಿದೆ. 22, 22, 23, 23, 24, 25, 26, 28. ಒಂಬತ್ತನೆಯ ಗೆರೆಯಲ್ಲಿ ಒಂದೇ ಸಲಕ್ಕೆ 14. ಅಂದರೆ ನೀರು ಒಳಗೆ ಬರುತ್ತಿರುವುದು ಎಂಟು ಮತ್ತು ಒಂಬತ್ತರ ನಡುವೆ. ತಲೆ ಎತ್ತಿ ನೋಡಿದರೆ ಕತ್ತಲಲ್ಲಿ ಕಂಡ ಆ ಮೂರು ಚುಕ್ಕೆ ಅಲ್ಲೇ ಇದ್ದವು.

ಪಕಾಸಿಯ ಬದಿಗೆ ಅಲ್ಲಿ ಸ್ಕ್ರೂಡ್ರೈವರ್ ಒತ್ತಿದೆ. ಗಟ್ಟಿ ಮರಕ್ಕೆ ಒತ್ತಿದರೆ ತುದಿ ಜಾರುತ್ತದೆ. ಇಲ್ಲಿ ಮೇಲಿನ ಅಂಚಿನಲ್ಲಿ ಮೆತ್ತಗೆ ಒಳಗೆ ಹೋಯಿತು, ಸುಮಾರು 1 ಇಂಚು. ಸದ್ಯ, ಮರದ ಮಧ್ಯ ಗಟ್ಟಿಯಾಗಿತ್ತು.

ಹುಡುಕದೆ ಸಿಕ್ಕ ಇನ್ನೊಂದು

ಕಲೆಗೋಸ್ಕರ ಹತ್ತಿದವನಿಗೆ ನಿಜವಾಗಿ ಹೆದರಿಕೆ ಆದದ್ದು ಅಟ್ಟದ ಇನ್ನೊಂದು ತುದಿಯಲ್ಲಿ. ಅಲ್ಲಿ 500 ಲೀಟರಿನ ಒಂದು ಪ್ಲಾಸ್ಟಿಕ್ ಟ್ಯಾಂಕ್ ಕೂತಿತ್ತು. ಅದನ್ನು ಒಳಗೆ ತರುವುದಕ್ಕೆ ದಾರಿ ಸಾಲದೆ ಯಾರೋ ಒಂದು ಅಡ್ಡತೊಲೆಯನ್ನು ಮಧ್ಯದಲ್ಲಿ 3 ಅಡಿ ಗರಗಸದಿಂದ ಕತ್ತರಿಸಿ ತೆಗೆದಿದ್ದರು. ಎರಡು ಮೊಂಡು ತುದಿಗಳು ಗಾಳಿಯಲ್ಲಿ ನಿಂತಿದ್ದವು.

ಅಡ್ಡತೊಲೆ ನೋಡುವುದಕ್ಕೆ ಸುಮ್ನೆ ಅಡ್ಡ ಹಾಕಿದ ಮರದ ಹಾಗೆ ಇರುತ್ತದೆ. ಆದರೆ ಎರಡೂ ಕಡೆಯ ಪಕಾಸಿಗಳು ಹೆಂಚಿನ ಭಾರಕ್ಕೆ ಕಾಲು ಅಗಲಿಸುವುದಕ್ಕೆ ನೋಡುತ್ತಿರುತ್ತವೆ. ಹಾಗೆ ಅಗಲಿದರೆ ಗೋಡೆಯ ತಲೆಯನ್ನು ಹೊರಗೆ ತಳ್ಳುತ್ತವೆ. ಆ ಎರಡು ಕಾಲನ್ನು ಎಳೆದು ಹಿಡಿದಿರುವುದು ಅಡ್ಡತೊಲೆ. ಅದನ್ನು ಕತ್ತರಿಸಿದರೆ ಮಾಡು ಆ ದಿನವೇ ಬೀಳುವುದಿಲ್ಲ. ನಿಧಾನಕ್ಕೆ, ವರ್ಷಗಟ್ಟಲೆ ಗೋಡೆಯನ್ನು ತಳ್ಳುತ್ತಾ ಇರುತ್ತದೆ. ಇದು ಸಾಲದ್ದಕ್ಕೆ ತುಂಬಿದ ಟ್ಯಾಂಕು. ಒಂದು ಲೀಟರ್ ನೀರಿಗೆ ಒಂದು ಕಿಲೋ, ಅಲ್ಲಿಗೆ 500 ಕಿಲೋ ನೀರು ಬರೀ ಸೀಲಿಂಗ್ ಹೊರುವುದಕ್ಕೆ ಹಾಕಿದ ಮೂರು ಜಂತೆಗಳ ನಟ್ಟನಡುವೆ ಕೂತಿದೆ. ಜಂತೆಗಳು ಕೆಳಕ್ಕೆ ಬಾಗಿದ್ದು ದಾರ ಹಿಡಿಯುವ ಮೊದಲೇ ಕಣ್ಣಿಗೆ ಕಾಣುತ್ತಿತ್ತು.

ಕೆಳಗಿಳಿದು ಆ ಕಡೆಯ ಹೊರಗೋಡೆಗೆ ತೂಕದ ಗುಂಡು ಬಿಟ್ಟೆ. 10 ಅಡಿ ಎತ್ತರದ ಗೋಡೆಯ ತಲೆ 20 ಮಿಲಿಮೀಟರ್ ಹೊರಗೆ ವಾಲಿತ್ತು. ಒಳಗೆ ಅಡ್ಡಗೋಡೆ ಸೇರುವ ಮೂಲೆಯಲ್ಲಿ ಬಿರುಕು, ಮೇಲೆ ಅಗಲ, ಕೆಳಗೆ ಬರುತ್ತಾ ಕೂದಲಿನಷ್ಟು. ಅದಕ್ಕೆ ಪುಟ್ಟಿ ತುಂಬಿ ಬಣ್ಣ ಹೊಡೆದಿದ್ದರು. ಆ ಬಣ್ಣದ ಮೇಲೆ ಮತ್ತೆ ಹೊಸ ಗೆರೆ ಬಿಟ್ಟಿತ್ತು. ಹಳೆ ಬಿರುಕಾದರೆ ಬಣ್ಣ ಸೀಳುವುದಿಲ್ಲ. ಗೋಡೆ ಇನ್ನೂ ಸರಿಯುತ್ತಿದೆ ಅಂತ ಅರ್ಥ. ಇದು ನನ್ನ ಅಂದಾಜಿಗೆ ಬಿಡುವ ವಿಷಯ ಅಲ್ಲ, ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಲೇಬೇಕು ಎಂದು ವರದಿಯಲ್ಲಿ ಎಲ್ಲಕ್ಕಿಂತ ಮೊದಲು ಬರೆದೆ. ಟ್ಯಾಂಕನ್ನು ಇವತ್ತೇ ಖಾಲಿ ಮಾಡಿ ಎಂದು ಮನೆಯವರಿಗೆ ಅಲ್ಲೇ ಹೇಳಿದೆ. ಪಾಪ, ಅವರಿಗೂ ಇದು ಗೊತ್ತಿರಲಿಲ್ಲ. ತಕ್ಷಣ ನಲ್ಲಿ ತಿರುಗಿಸಿದರು.

ವೈರಿಂಗ್ ಹಳೆಯದು. ಎರಡು ಕಡೆ ಡಬ್ಬಿ ಇಲ್ಲದೆ ತಿರುಚಿ ಟೇಪು ಸುತ್ತಿದ ಕೂಡಿಕೆ, ಒಂದು ಕಡೆ ಇಲಿ ಕಡಿದು ತಾಮ್ರ ಕಾಣುತ್ತಿತ್ತು. ಎಲೆಕ್ಟ್ರಿಷಿಯನ್ ಬರಬೇಕು, ಅಷ್ಟೇ.

ಹುಳದ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಎಲ್ಲರೂ ತೂತು ಕಂಡ ತಕ್ಷಣ ಹೆದರುತ್ತಾರೆ. ಒಂದು ಪಕಾಸಿಯಲ್ಲಿ ಗುಂಡುಸೂಜಿ ತಲೆಯಷ್ಟು ತೂತುಗಳು ತುಂಬ ಇದ್ದವು. ತೂತಿನ ಅಂಚು ಕಪ್ಪಾಗಿತ್ತು, ಒಳಗೆ ಧೂಳು, ಜೇಡರ ಬಲೆ. ಹುಳ ಬಿಟ್ಟು ಹೋಗಿ ಎಷ್ಟೋ ಕಾಲ ಆಗಿದೆ. ಇನ್ನೊಂದು ಜಂತೆಯ ಕೆಳಗೆ ಒಂದು ಸಣ್ಣ ಗುಪ್ಪೆ ಕಾಳು ಸಿಕ್ಕಿತು, ಗಸಗಸೆಯಷ್ಟು ಸಣ್ಣದು. ಭೂತಗನ್ನಡಿಯಲ್ಲಿ ನೋಡಿದರೆ ಪ್ರತಿ ಕಾಳಿಗೂ ಆರು ಮುಖ. ಅದು ಒಣಮರದ ಗೆದ್ದಲಿನ ಹಿಕ್ಕೆ. ಈ ಗೆದ್ದಲು ಮಣ್ಣಿನ ದಾರಿ ಕಟ್ಟುವುದಿಲ್ಲ, ನೆಲದಿಂದ ಬರುವುದಿಲ್ಲ, ಮರದೊಳಗೇ ವಾಸ. ಗುಪ್ಪೆಯನ್ನು ಗುಡಿಸಿ, ಅಲ್ಲಿ ಬಿಳಿ ಕಾಗದ ಹಾಸಿ, ತಾರೀಕು ಬರೆದು ಬಂದೆ.

ಎರಡನೆಯ ಸಲ: ಪೈಪಿನ ಪರೀಕ್ಷೆ

ಮೂರು ವಾರ ಬಿಟ್ಟು ಮನೆಯವರ ಒಪ್ಪಿಗೆ ಪಡೆದು ಮತ್ತೆ ಹೋದೆ. ಕಾಗದದ ಮೇಲೆ ಆರು ಮುಖದ ಹೊಸ ಕಾಳು, ಒಂದು ಚಿಟಿಕೆ. ಗೆದ್ದಲು ಜೀವಂತ ಇದೆ. ಆ ಒಂದು ಜಂತೆ ಬದಲಾಗಬೇಕು.

ಕಣಿವೆ ಬಗ್ಗೆ ನನಗೆ ಅನುಮಾನ ಉಳಿದಿರಲಿಲ್ಲ. ಆದರೂ ಬೇರೆಯವರ ದುಡ್ಡಿನ ವಿಷಯ, ಕಣ್ಣಾರೆ ನೋಡಿಯೇ ಹೇಳಬೇಕು. ಹೆಂಚಿನ ಮಾಡಿನ ಮೇಲೆ ಓಡಾಡಿ ಅಭ್ಯಾಸ ಇರುವ ಮೇಸ್ತ್ರಿಯೊಬ್ಬರು ಏಣಿ ಮೇಲಿಂದ ಪೈಪು ಹಿಡಿದರು. ನಾನು ಅಟ್ಟದಲ್ಲಿ. ಎರಡು ನಿಯಮ ಇಟ್ಟುಕೊಂಡೆವು. ಪೈಪಿನ ಬಾಯಿ ಒತ್ತಿ ರಭಸ ಮಾಡಬಾರದು. ರಭಸದ ನೀರು ಮಳೆ ಎಂದೂ ಹೋಗದ ಜಾಗಕ್ಕೂ ನುಗ್ಗುತ್ತದೆ. ಮತ್ತೆ ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು. ಮೇಲಿನಿಂದ ಶುರು ಮಾಡಿದರೆ ಎಲ್ಲವೂ ನೆನೆದು ಯಾವ ತೂತು ಎಂದು ಗೊತ್ತಾಗುವುದಿಲ್ಲ.

ಸೂರಿನ ಹತ್ತಿರ 10 ನಿಮಿಷ, ಏನೂ ಇಲ್ಲ. ಹೊಸ ಹೆಂಚುಗಳ ಮೇಲೆ 10 ನಿಮಿಷ, ಏನೂ ಇಲ್ಲ. ಮಧ್ಯದಲ್ಲಿ 10 ನಿಮಿಷ, ಒಣ. ಮೇಲ್ಭಾಗಕ್ಕೆ ಹೋದ ನಾಲ್ಕನೆಯ ನಿಮಿಷಕ್ಕೆ ತಗಡಿನ ಚುಕ್ಕೆಯಿಂದ ಒಂದು ಹನಿ ಹೊರಬಂದು ಪಕಾಸಿಗೆ ಅಂಟಿತು. ಬೀಳಲಿಲ್ಲ. ಹಿಂದೆಯೇ ಇನ್ನೊಂದು ಹನಿ. ಎರಡೂ ಸೇರಿ ಆ ಬೆಳ್ಳಗಿನ ಹಾದಿ ಹಿಡಿದು ನಿಧಾನಕ್ಕೆ ಇಳಿಯತೊಡಗಿದವು. ಟಾರ್ಚ್ ಹಿಡಿದು ಜೊತೆಗೇ ಸರಿಯುತ್ತಾ ಹೋದೆ. 8 ಅಡಿ ಇಳಿಯುವುದಕ್ಕೆ 11 ನಿಮಿಷ ಆಯಿತು. ಆಣಿಯ ತುದಿಯಲ್ಲಿ ಸ್ವಲ್ಪ ಹೊತ್ತು ತೂಗಿ, ಆ ಧೂಳಿನ ಗುಳಿಗೆ ಟಪ್ಪನೆ ಬಿತ್ತು. ಭಾವನನ್ನು ಮೇಲೆ ಕರೆದು ಮುಂದಿನ ಹನಿ ತೋರಿಸಿದೆ. "ಇಷ್ಟು ದೂರದಿಂದಾ?" ಎಂದು ಟಾರ್ಚ್ ತಗೊಂಡು ತಾವೇ ಎರಡು ಸಲ ಮೇಲಿಂದ ಕೆಳಗೆ ನೋಡಿದರು.

ವರದಿ ನೋಡಿದ ಮೇಲೆ ಎರಡೂ ಕಡೆಯವರು ಕೂತು ಮಾತಾಡಿದರು. ರಿಪೇರಿಯ ಖರ್ಚನ್ನು ಬೆಲೆಯಲ್ಲಿ ಇಳಿಸಿ ಮನೆ ಅಕ್ಕನದಾಯಿತು.

ರಿಪೇರಿ

ಎಂಜಿನಿಯರ್ ಹೇಳಿದ ಕ್ರಮ: ಮೊದಲು ಭಾರ ಇಳಿಸಿ, ಆಮೇಲೆ ತೊಲೆ ಕಟ್ಟಿ, ಹೆಂಚಿಗೆ ಕೊನೆಗೆ ಕೈ ಹಾಕಿ. ಖಾಲಿ ಟ್ಯಾಂಕನ್ನು ಕತ್ತರಿಸಿ ಕೆಳಗಿಳಿಸಿದೆವು. ಹೊಸದು ಹೊರಗೆ ಬೇರೆ ಸ್ಟ್ಯಾಂಡಿನ ಮೇಲೆ ಕೂತಿತು. ಅಡ್ಡತೊಲೆಯ ಎರಡು ಮೊಂಡು ತುದಿಗಳ ಎರಡೂ ಬದಿಗೆ ಗೋಡೆಯಿಂದ ಗೋಡೆಗೆ ಹೊಸ ಮರ ಜೋಡಿಸಿ, 12 ಮಿಲಿಮೀಟರ್ ಬೋಲ್ಟು, ದೊಡ್ಡ ವಾಷರ್ ಹಾಕಿ ಬಿಗಿದರು ಬಡಗಿ. ಬೋಲ್ಟುಗಳು ಒಂದೇ ಗೆರೆಯಲ್ಲಿ ಬರದಂತೆ ಮೇಲೆ ಕೆಳಗೆ ಮಾಡಿದರು, ಒಂದೇ ಗೆರೆಯಲ್ಲಿದ್ದರೆ ಮರ ಎಳೆ ಹಿಡಿದು ಸೀಳುತ್ತದೆ. ಗೋಡೆಯನ್ನು ಹಿಂದಕ್ಕೆ ಎಳೆಯುವ ಪ್ರಯತ್ನ ಮಾಡಲಿಲ್ಲ. ಇದ್ದಲ್ಲೇ ಹಿಡಿದು ನಿಲ್ಲಿಸುವುದು ಸಾಕು ಎಂದಿದ್ದರು. ಬಿರುಕಿನ ಎರಡೂ ಬದಿಗೆ ಪೆನ್ಸಿಲ್ ಗುರುತು ಹಾಕಿ ಅಂತರ ಅಳೆದು ತಾರೀಕು ಬರೆದೆ. ಗೆದ್ದಲು ಹಿಡಿದ ಜಂತೆಯನ್ನೂ ಅದೇ ದಿನ ಬದಲಾಯಿಸಿದೆವು.

ಮರುದಿನ ಕಣಿವೆ. ಎರಡೂ ಕಡೆ ಮೂರು ಮೂರು ಸಾಲು ಹೆಂಚಿಗೆ ಸೀಮೆಸುಣ್ಣದಲ್ಲಿ ನಂಬರ್ ಬರೆದು ಇಳಿಸಿದೆವು. ತಗಡು ಹೊರಬಂದಾಗ ಕಾರಣವೂ ಹೊರಬಂತು. ದೋಣಿ ಅಲ್ಯೂಮಿನಿಯಂನದು. ಹೆಂಚು ಜಾರದಿರಲಿ ಎಂದು ಯಾರೋ ಮೇಲ್ಭಾಗದಲ್ಲಿ ಹೆಂಚಿನ ಅಂಚಿನ ಕೆಳಗೆ ಸಿಮೆಂಟ್ ಗಾರೆ ತುರುಕಿದ್ದರು. ಹಸಿ ಸಿಮೆಂಟಿನ ಕ್ಷಾರ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಗಾರೆ ಕೂತ ಕಡೆಯೆಲ್ಲ ಬಿಳಿ ಪುಡಿ, ಉಗುರಲ್ಲಿ ಕೆರೆದರೆ ತಗಡು ತೂತಾಗುತ್ತಿತ್ತು. ಗಾರೆ ತಾಗದ ಕೆಳಭಾಗ ಇನ್ನೂ ಹೊಳೆಯುತ್ತಿತ್ತು. ಒಳ್ಳೆ ಉದ್ದೇಶದಿಂದ ಮಾಡಿದ ಕೆಲಸವೇ ಮಾಡನ್ನು ತಿಂದಿತ್ತು. ಅದನ್ನು ನೋಡಿ ನನಗೆ ನಿಜಕ್ಕೂ ಬೇಜಾರಾಯಿತು.

ಪಕಾಸಿಯ ಮೇಲ್ಮುಖದಲ್ಲಿ 2 ಅಡಿ ಉದ್ದ ಕೊಳೆತಿತ್ತು. ಮೆತ್ತಗಿನದನ್ನೆಲ್ಲ ಉಳಿಯಲ್ಲಿ ಕೆತ್ತಿ, ಗಟ್ಟಿ ಮರ ಬರುವವರೆಗೆ ತೆಗೆದೆವು. ಪಕ್ಕಕ್ಕೆ 7 ಅಡಿಯ ಜೋಡಿ ಮರ ಕೊಟ್ಟು ಬೋಲ್ಟು ಹಾಕಿದೆವು, ಎರಡೂ ತುದಿ ಗಟ್ಟಿ ಮರವನ್ನು ಎರಡೂವರೆ ಅಡಿ ಹಿಡಿದಿರುವ ಹಾಗೆ.

ಹೊಸ ದೋಣಿಗೆ ಬಣ್ಣದ ಲೇಪ ಇರುವ ದಪ್ಪ ಉಕ್ಕಿನ ತಗಡು. ಎರಡೂ ಅಂಚನ್ನು ಒಂದು ಇಂಚು ಒಳಕ್ಕೆ ಮಡಚಿದೆವು, ನೀರು ಅಂಚು ದಾಟಿ ಹೊರಗೆ ಹೋಗದ ಹಾಗೆ. ಕೆಳಗಿನ ತುಂಡು ಮೊದಲು, ಅದರ ಮೇಲೆ ಮೇಲಿನ ತುಂಡು ಒಂದು ಗೇಣು ಹೊದಿಸಿ. ನೀರು ಓಡುವ ಜಾಗದಲ್ಲಿ ಒಂದೇ ಒಂದು ಆಣಿ ಹೊಡೆಯಲಿಲ್ಲ. ಕತ್ತರಿಸಿದ ಹೆಂಚಿನ ಅಂಚುಗಳ ನಡುವೆ ನಾಲ್ಕು ಬೆರಳು ಜಾಗ ಬಿಟ್ಟೆವು, ಎಲೆ ಕಸ ಕಟ್ಟದೆ ಜಾರಿಹೋಗಲಿ ಎಂದು. ಅಂಚಿನ ಹೆಂಚುಗಳಿಗೆ ತೂತು ಹಾಕಿ ತಂತಿಯಲ್ಲಿ ರೀಪಿಗೆ ಕಟ್ಟಿದೆವು. ಮೇಸ್ತ್ರಿ ಅಭ್ಯಾಸಬಲದಿಂದ ಗಾರೆ ಕಲಸುವುದಕ್ಕೆ ಹೋಗಿದ್ದರು. ಹಳೆ ತಗಡನ್ನು ಕೈಗೆ ಕೊಟ್ಟೆ. ತಿರುಗಿಸಿ ನೋಡಿ, ಬಾಂಡಲಿ ಪಕ್ಕಕ್ಕೆ ಇಟ್ಟು ತಂತಿ ಸುರುಳಿ ತೆಗೆದುಕೊಂಡರು.

ಆಮೇಲೆ

ಜೋರು ಮಳೆ ಎರಡು ಸಲ ಬಂದು ಹೋದ ಮೇಲೆ ಹತ್ತಿದೆ. ಎಂಟನೆಯ ಗೆರೆಯಲ್ಲಿ 28 ಇದ್ದದ್ದು 19. ಇನ್ನೊಂದು ತಿಂಗಳಿಗೆ 15. ಬಿರುಕಿನ ಪೆನ್ಸಿಲ್ ಗುರುತು ಮೂರು ತಿಂಗಳಾದರೂ ಹಾಕಿದ ಅಳತೆಯಲ್ಲೇ ಇದೆ, ಇನ್ನೂ ಒಂದು ವರ್ಷ ನೋಡಬೇಕು.

ಸೀಲಿಂಗಿಗೆ ಈಗ ಬಣ್ಣ ಬಳಿಯಬಹುದಾ ಎಂದು ಅಕ್ಕ ಕೇಳಿದಳು. ಬಳಿಯಬಹುದು, ಆದರೆ ಮೊದಲು ಆ ಕಲೆಗೆ ಆಯಿಲ್ ಪ್ರೈಮರ್ ಒಂದು ಕೋಟು ಕೊಡು, ಬರೀ ಎಮಲ್ಷನ್ ಬಳಿದರೆ ಕಲೆ ಮತ್ತೆ ಮೇಲೆ ಬರುತ್ತದೆ ಎಂದು ಹೇಳಿದೆ. ಆಣಿಯನ್ನು ನಾನು ಕೀಳಲಿಲ್ಲ. ಎಂದಾದರೂ ನೀರು ಬಂದರೆ ಹನಿ ಕಳಚುವುದು ಅಲ್ಲೇ. ಅದರ ಕೆಳಗೆ ತಾರೀಕು ಬರೆದ ಒಂದು ಬಿಳಿ ಕಾಗದ ಹಾಸಿ ಬಂದಿದ್ದೇನೆ.